ಪರಮಾಣುವಿನೊಳಗಿನ ಒಂದು ಖಾಲಿ ಜಾಗ: ಅನುಮಾನದಿಂದ ಸಾಕ್ಷ್ಯದವರೆಗೆ

ಪರಮಾಣುವಿನ ಚಿತ್ರವನ್ನು ನಾವೆಲ್ಲರೂ ಶಾಲೆಯ ಪಠ್ಯಪುಸ್ತಕದಲ್ಲಿ ನೋಡಿದ್ದೇವೆ. ನಡುವೆ ಬೀಜಕೇಂದ್ರ, ಅದರ ಸುತ್ತ ಒಂದರ ಹೊರಗೊಂದರಂತೆ ವೃತ್ತಗಳು, ವೃತ್ತಗಳ ಮೇಲೆ ಎಲೆಕ್ಟ್ರಾನ್‌ಗಳೆಂಬ ಚುಕ್ಕೆಗಳು. ಆ ವೃತ್ತಗಳಿಗೆ ಕವಚಗಳೆಂದು ಹೆಸರು. ಒಳಗಿನಿಂದ ಹೊರಕ್ಕೆ ಅವುಗಳನ್ನು ಕೆ, ಎಲ್, ಎಂ, ಎನ್ ಎಂದು ಕರೆಯಲಾಗುತ್ತದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ನಮ್ಮ ಬಳಿ ಬಂದು, "ಉಸ್ತಾದ್, ಎ, ಬಿ, ಸಿ ಬಿಟ್ಟು ಕೆ ಇಂದ ಯಾಕೆ ಶುರು ಮಾಡಿದ್ದಾರೆ?" ಎಂದು ಕೇಳಿದಳು. ಭಾಷೆಯನ್ನು ಕಲಿಸುವ ನಮ್ಮ ಬಳಿ ಅಂದು ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತಾ ಹೋದಂತೆ ನೂರು ವರ್ಷಗಳ ಒಂದು ಇತಿಹಾಸವೇ ನಮ್ಮ ಮುಂದೆ ತೆರೆದುಕೊಂಡಿತು. ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಮನುಷ್ಯನು ಮೊದಲು ಊಹಿಸಿ, ಬಳಿಕ ಲೆಕ್ಕ ಹಾಕಿ, ಕೊನೆಗೆ ಪ್ರತ್ಯಕ್ಷ ಸಾಕ್ಷ್ಯದಿಂದ ದೃಢಪಡಿಸಿಕೊಂಡ ಇತಿಹಾಸವಿದು. ಒಂದು ಮಾತನ್ನು ಸತ್ಯವೆಂದು ಒಪ್ಪಲು ಎಷ್ಟು ಶ್ರಮ ಬೇಕು ಎಂಬುದನ್ನು ಅದು ಕಲಿಸುತ್ತದೆ. ಆದ್ದರಿಂದಲೇ ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಕೆ ಎಂಬ ಅಕ್ಷರದ ಹಿಂದಿನ ವಿನಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬಾರ್ಕ್ಲಾ ಎಂಬ ಭೌತವಿಜ್ಞಾನಿ ಬೇರೆ ಬೇರೆ ಲೋಹಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಪರೀಕ್ಷಿಸುತ್ತಿದ್ದರು. ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಕ್ಷ-ಕಿರಣಗಳನ್ನು ಮರಳಿ ಹೊಮ್ಮಿಸುವುದನ್ನು ಅವರು ಕಂಡರು. ಆ ಕಿರಣಗಳಲ್ಲಿ ಎರಡು ಬಗೆಗಳಿದ್ದವು. ಒಂದು ವಸ್ತುಗಳನ್ನು ಹೆಚ್ಚು ಆಳಕ್ಕೆ ತೂರಿಹೋಗುವಂಥದು, ಇನ್ನೊಂದು ಕಡಿಮೆ ತೂರುವಂಥದು. ಮೊದಲಿಗೆ ಅವುಗಳನ್ನು ಎ ಮತ್ತು ಬಿ ಎಂದು ಕರೆದಿದ್ದ ಬಾರ್ಕ್ಲಾ, 1911ರಲ್ಲಿ ಆ ಹೆಸರುಗಳನ್ನು ಕೆ ಮತ್ತು ಎಲ್ ಎಂದು ಬದಲಾಯಿಸಿದರು. ಮುಂದೆ ಯಾರಾದರೂ ಇನ್ನೂ ಹೆಚ್ಚು ತೂರುವ ಕಿರಣಗಳನ್ನು ಕಂಡುಹಿಡಿದರೆ ಅವುಗಳಿಗೂ ಅಕ್ಷರ ಉಳಿದಿರಲಿ ಎಂಬುದೇ ಇದಕ್ಕೆ ಕಾರಣ. ಆದರೆ ಹಾಗೆ ಯಾರಿಗೂ ಸಿಗಲಿಲ್ಲ. ಕೆ ಕವಚವೇ ಎಲ್ಲಕ್ಕಿಂತ ಒಳಗಿನದು ಎಂದು ಬಳಿಕ ತಿಳಿಯಿತು. ತನಗೆ ಗೊತ್ತಿಲ್ಲದ ಸಂಗತಿಗಾಗಿ ಒಬ್ಬ ವಿದ್ವಾಂಸರು ಬಿಟ್ಟಿಟ್ಟ ಜಾಗವು ಇಂದಿಗೂ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಹಾಗೆಯೇ ಉಳಿದಿದೆ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಇದೇ ಉತ್ತರ.

ಬಾರ್ಕ್ಲಾರ ಬಳಿಕ ಬಂದವರು ಹೆನ್ರಿ ಮೋಸ್ಲಿ. 1913 ಮತ್ತು 1914ರಲ್ಲಿ, ಮೊದಲು ಮ್ಯಾಂಚೆಸ್ಟರಿನಲ್ಲಿಯೂ ಬಳಿಕ ಆಕ್ಸ್‌ಫರ್ಡಿನಲ್ಲಿಯೂ ಅವರು ಒಂದೊಂದೇ ಮೂಲವಸ್ತುವಿನ ಕ್ಷ-ಕಿರಣ ರೇಖೆಗಳನ್ನು ಅಳೆಯುತ್ತಾ ಹೋದರು. ಆ ರೇಖೆಗಳ ಆವೃತ್ತಿಯು ಮೂಲವಸ್ತುವಿನ ಕ್ರಮಸಂಖ್ಯೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಎಂಬ ನಿಯಮ ಅವರಿಗೆ ದೊರೆಯಿತು. ಪರಮಾಣು ಸಂಖ್ಯೆ ಎಂಬುದು ಕೇವಲ ಪಟ್ಟಿಯಲ್ಲಿನ ಸ್ಥಾನವಲ್ಲ, ಅದು ಬೀಜಕೇಂದ್ರದ ವಿದ್ಯುದಾವೇಶದ ಅಳತೆ ಎಂದು ಇದರಿಂದ ಸ್ಪಷ್ಟವಾಯಿತು. 43, 61 ಮತ್ತು 75ನೆಯ ಸ್ಥಾನಗಳು ಖಾಲಿಯಿರುವುದನ್ನೂ, ಅಲ್ಲಿರಬೇಕಾದ ಮೂಲವಸ್ತುಗಳು ಇನ್ನೂ ಸಿಗಬೇಕಾಗಿರುವುದನ್ನೂ ಅವರು ತೋರಿಸಿದರು. ಅವು ಬಳಿಕ ಸಿಕ್ಕವು. ಆದರೆ ಅದನ್ನು ನೋಡಲು ಮೋಸ್ಲಿ ಬದುಕಿರಲಿಲ್ಲ. ಮೊದಲ ಮಹಾಯುದ್ಧ ಆರಂಭವಾದಾಗ ಅವರು ಬ್ರಿಟಿಷ್ ಸೇನೆಗೆ ಸೇರಿದರು. 1915ರ ಆಗಸ್ಟ್ 10ರಂದು ಉಸ್ಮಾನಿಯಾ ಸಾಮ್ರಾಜ್ಯದ ನೆಲವಾದ ಗಲ್ಲಿಪೋಲಿಯಲ್ಲಿ ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು 27. ಆ ಬೆಟ್ಟದ ಇಳಿಜಾರುಗಳಲ್ಲಿ ಎರಡೂ ಕಡೆಯ ಅಸಂಖ್ಯ ತರುಣರು ಮಣ್ಣಾದರು. ಉಸ್ಮಾನಿಯಾ ಸೈನಿಕರ ತಾಯಂದಿರೂ ಅತ್ತರು, ಮೋಸ್ಲಿಯ ತಾಯಿಯೂ ಅತ್ತಳು. ಯುದ್ಧವು ಯಾವ ತಲೆಯಲ್ಲಿ ಯಾವ ವಿದ್ಯೆಯಿದೆ ಎಂದು ವಿಚಾರಿಸುವುದಿಲ್ಲ.

ಖಾಲಿಯಾದ ಜಾಗವು ತುಂಬುವ ಬಗೆ

ಈ ಕಿರಣಗಳು ಏಕೆ ಹೊಮ್ಮುತ್ತವೆ? 1914ರಲ್ಲಿ ಜರ್ಮನಿಯ ವಾಲ್ಟರ್ ಕೊಸೆಲ್ ವಿವರಣೆ ನೀಡಿದರು. ಹೊರಗಿನಿಂದ ಬಂದ ಶಕ್ತಿಯು ಪರಮಾಣುವಿನ ಒಳಕವಚದ ಎಲೆಕ್ಟ್ರಾನೊಂದನ್ನು ಕಿತ್ತೆಸೆದರೆ ಅಲ್ಲೊಂದು ಜಾಗ ಖಾಲಿಯಾಗುತ್ತದೆ. ಹೊರಕವಚದ ಎಲೆಕ್ಟ್ರಾನೊಂದು ಆ ಜಾಗಕ್ಕೆ ಇಳಿಯುತ್ತದೆ. ಇಳಿಯುವಾಗ ಉಳಿಯುವ ಶಕ್ತಿಯು ಕ್ಷ-ಕಿರಣವಾಗಿ ಹೊರಬೀಳುತ್ತದೆ.

ಆದರೆ ಆ ಶಕ್ತಿಗೆ ಇನ್ನೊಂದು ದಾರಿಯೂ ಇದೆ. ಕಿರಣವಾಗಿ ಹೊಮ್ಮುವ ಬದಲು ಅದು ಪರಮಾಣುವಿನ ಮತ್ತೊಂದು ಎಲೆಕ್ಟ್ರಾನಿಗೆ ವರ್ಗವಾಗಿ, ಆ ಎಲೆಕ್ಟ್ರಾನನ್ನೇ ಹೊರಕ್ಕೆ ಚಿಮ್ಮಿಸಬಹುದು. ಬರ್ಲಿನಿನಲ್ಲಿ ಲೀಸ ಮೈಟ್ನರ್ 1922ರಲ್ಲಿ ಇದನ್ನು ಗುರುತಿಸಿದರು. ಪ್ಯಾರಿಸಿನ ಪಿಯೆರ್ ಓಜೆ 1923ರಲ್ಲಿ ಆವಿ ತುಂಬಿದ ಪೆಟ್ಟಿಗೆಯೊಳಗೆ ಇಂತಹ ಎಲೆಕ್ಟ್ರಾನ್‌ಗಳ ಜಾಡನ್ನು ಸ್ವತಂತ್ರವಾಗಿ ಕಂಡರು. ಪುಸ್ತಕಗಳಲ್ಲಿ ಮಾತ್ರ ಬಹುಕಾಲ ಓಜೆಯ ಹೆಸರೊಂದೇ ಉಳಿಯಿತು. ಯಹೂದಿ ಮೂಲದವರಾದ ಮೈಟ್ನರ್ 1938ರಲ್ಲಿ ಜರ್ಮನಿಯನ್ನು ಬಿಟ್ಟು ಓಡಬೇಕಾಯಿತು. ಇಂದು ಅನೇಕ ವಿಜ್ಞಾನಿಗಳು ಇದನ್ನು ಓಜೆ-ಮೈಟ್ನರ್ ಪ್ರಕ್ರಿಯೆ ಎಂದು ಕರೆಯಲು ಆರಂಭಿಸಿದ್ದಾರೆ. ಹಕ್ಕುದಾರರಿಗೆ ಹಕ್ಕು ತಡವಾಗಿಯಾದರೂ ಸಲ್ಲುವುದು ಒಳ್ಳೆಯದೇ.

ಇಲ್ಲಿ ನಮ್ಮ ಪ್ರಬಂಧದ ಮುಖ್ಯ ಪ್ರಶ್ನೆ ಎದುರಾಗುತ್ತದೆ. ಒಳಕವಚದ ಆ ಖಾಲಿ ಜಾಗವು ಎಷ್ಟು ಹೊತ್ತು ಖಾಲಿಯಾಗಿರುತ್ತದೆ?

ಗಡಿಯಾರವಿಲ್ಲದೆ ಕಾಲವನ್ನು ಎಣಿಸಿದವರು

ಈ ಪ್ರಶ್ನೆಗೆ ಒಂದು ಉತ್ತರವನ್ನು ವಿಜ್ಞಾನಿಗಳು ಯಾವ ಗಡಿಯಾರವೂ ಇಲ್ಲದೆ ಕಂಡುಕೊಂಡಿದ್ದರು. ಶಾಲೆಯ ಗಂಟೆಯನ್ನು ಬಾರಿಸಿದಾಗ ಅದರ ನಾದ ಬಹಳ ಹೊತ್ತು ಉಳಿಯುತ್ತದೆ, ಅದರ ಶ್ರುತಿ ಇಂಥದೇ ಎಂದು ಹೇಳಲು ಸಾಧ್ಯವಾಗುತ್ತದೆ. ಅದೇ ಮೇಜಿನ ಮೇಲೆ ಬೆರಳಿನಿಂದ ಕುಟ್ಟಿದರೆ ಸದ್ದು ಆ ಕ್ಷಣವೇ ಅಳಿದುಹೋಗುತ್ತದೆ, ಅದಕ್ಕೆ ಖಚಿತವಾದ ಶ್ರುತಿಯಿಲ್ಲ. ಬೇಗ ಅಳಿಯುವ ನಾದದ ಶ್ರುತಿ ಹರಡಿಕೊಂಡಿರುತ್ತದೆ, ತಡವಾಗಿ ಅಳಿಯುವುದರ ಶ್ರುತಿ ಕೂಡಿಕೊಂಡಿರುತ್ತದೆ. ಪರಮಾಣುವಿನ ರೋಹಿತದಲ್ಲಿಯೂ ಹೀಗೆಯೇ. ಬೇಗ ಮುಗಿಯುವ ಸ್ಥಿತಿಯ ರೇಖೆ ಅಗಲವಾಗಿರುತ್ತದೆ, ನಿಧಾನವಾಗಿ ಮುಗಿಯುವ ಸ್ಥಿತಿಯ ರೇಖೆ ತೆಳುವಾಗಿರುತ್ತದೆ. ಆದ್ದರಿಂದ ರೇಖೆಯ ಅಗಲವನ್ನು ಅಳೆದರೆ ಸ್ಥಿತಿಯ ಆಯುಷ್ಯವನ್ನು ಲೆಕ್ಕ ಹಾಕಬಹುದು.

ಕ್ರಿಪ್ಟಾನ್ ಎಂಬ ಜಡ ಅನಿಲವನ್ನು ತೆಗೆದುಕೊಳ್ಳೋಣ. ಅದರ ಎಂ ಕವಚದ ಎಲೆಕ್ಟ್ರಾನೊಂದು ಹೊರಹೋದಾಗ ಕಾಣುವ ರೇಖೆಯ ಅಗಲವು ಸುಮಾರು 0.088 ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ಹಾಕಿದರೆ ಖಾಲಿ ಜಾಗದ ಆಯುಷ್ಯ ಸುಮಾರು 7.5 ಫೆಮ್ಟೊಸೆಕೆಂಡ್ ಎಂದಾಗುತ್ತದೆ.

ಫೆಮ್ಟೊಸೆಕೆಂಡ್ ಎಂದರೇನು? ಒಂದು ಸೆಕೆಂಡನ್ನು 1ರ ಮುಂದೆ 15 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಪಾಲು. ಅದರ ಸಾವಿರದ ಒಂದು ಪಾಲು ಅಟ್ಟೊಸೆಕೆಂಡ್. ಡ್ಯಾನಿಷ್ ಭಾಷೆಯಲ್ಲಿ ಹದಿನೈದು ಮತ್ತು ಹದಿನೆಂಟಕ್ಕಿರುವ ಪದಗಳಿಂದ ಈ ಹೆಸರುಗಳು ಬಂದಿವೆ. ಸಂಖ್ಯೆ ಮನಸ್ಸಿಗೆ ನಿಲುಕದಿದ್ದರೆ ಬೆಳಕಿನ ನಡಿಗೆಯಿಂದ ಅಳೆಯೋಣ. ಬೆಳಕು ಒಂದು ಸೆಕೆಂಡಿನಲ್ಲಿ ಭೂಮಿಯನ್ನು ಏಳೂವರೆ ಸುತ್ತು ಸುತ್ತುವಷ್ಟು ದೂರ ಸಾಗುತ್ತದೆ. ಅದೇ ಬೆಳಕು ಎಂಟು ಫೆಮ್ಟೊಸೆಕೆಂಡಿನಲ್ಲಿ ಸಾಗುವ ದೂರವು ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ!

ಹಾಗಾದರೆ ಲೆಕ್ಕ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಯಾರಾದರೂ ಕೇಳಬಹುದು. ಇದು ಪರೋಕ್ಷ ಜ್ಞಾನ ಎಂಬುದನ್ನು ನಾವು ಮರೆಯಬಾರದು. ರೇಖೆಯ ಅಗಲದಿಂದ ಆಯುಷ್ಯವನ್ನು ತೆಗೆಯುವಾಗ, ಆ ಸ್ಥಿತಿಯು ಸರಳವಾದ ಒಂದೇ ಬಗೆಯಲ್ಲಿ ಕರಗುತ್ತದೆ ಎಂದು ಮೊದಲೇ ನಂಬಿರುತ್ತೇವೆ. ಹಲವು ಪ್ರಕ್ರಿಯೆಗಳು ಒಂದರೊಳಗೊಂದು ಹೆಣೆದುಕೊಂಡಿರುವಾಗ ಅಗಲವೊಂದೇ ಎಲ್ಲವನ್ನೂ ಹೇಳಲಾರದು. ಮನೆಯ ಹೊರಗಿನ ಚಪ್ಪಲಿಗಳನ್ನು ಎಣಿಸಿ ಒಳಗೆ ಎಷ್ಟು ಅತಿಥಿಗಳಿದ್ದಾರೆಂದು ಹೇಳಬಹುದು. ಆದರೆ ಅವರಲ್ಲಿ ಯಾರು ಯಾವಾಗ ಎದ್ದರು, ಯಾರು ಯಾರಿಗೆ ಜಾಗ ಬಿಟ್ಟುಕೊಟ್ಟರು ಎಂದು ತಿಳಿಯಬೇಕಾದರೆ ಒಳಗೆ ಹೋಗಿ ನೋಡಲೇಬೇಕು.

ಫೆಮ್ಟೊಸೆಕೆಂಡಿನವರೆಗಿನ ದಾರಿ

ಅಷ್ಟು ವೇಗದ ಸಂಗತಿಯನ್ನು ನೋಡಬೇಕಾದರೆ ಅದಕ್ಕಿಂತಲೂ ಚಿಕ್ಕದಾದ ಬೆಳಕಿನ ಮಿಡಿತ ಬೇಕು. 1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಿಯೋಡೋರ್ ಮೈಮನ್ ಮಾಣಿಕ್ಯದ ದಂಡವೊಂದರಿಂದ ಮೊದಲ ಲೇಸರ್ ಬೆಳಕನ್ನು ಹೊರತಂದರು. ಬಳಿಕದ ಎರಡೂವರೆ ದಶಕಗಳಲ್ಲಿ ಲೇಸರ್ ಮಿಡಿತಗಳು ಚಿಕ್ಕದಾಗುತ್ತಾ ಬಂದವು. 1985ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಒಂದು ಉಪಾಯವನ್ನು ಕಂಡುಹಿಡಿದರು. ಚಿಕ್ಕ ಮಿಡಿತವನ್ನು ಮೊದಲು ಹಿಗ್ಗಿಸಿ, ಬಳಿಕ ಅದರ ಶಕ್ತಿಯನ್ನು ಹೆಚ್ಚಿಸಿ, ಕೊನೆಗೆ ಮತ್ತೆ ಕುಗ್ಗಿಸುವುದು. ಇದರಿಂದ ಯಂತ್ರದ ಗಾಜು ಹರಳುಗಳು ಸುಟ್ಟುಹೋಗದೆಯೇ ಅತ್ಯಂತ ಪ್ರಬಲವಾದ ಚಿಕ್ಕ ಮಿಡಿತಗಳನ್ನು ಪಡೆಯಲು ಸಾಧ್ಯವಾಯಿತು. ಅವರಿಬ್ಬರಿಗೂ 2018ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು.

ಈ ದಾರಿಯಲ್ಲಿ ನಮ್ಮ ಓದುಗರಿಗೆ ಪರಿಚಿತವಾದ ಒಂದು ಹೆಸರು ಡಾ. ಅಹ್ಮದ್ ಝವೈಲ್. 1946ರಲ್ಲಿ ಈಜಿಪ್ಟಿನ ದಮನ್‌ಹೂರಿನಲ್ಲಿ ಜನಿಸಿ, ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯದಲ್ಲಿ ಕಲಿತು, ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದವರು. 1987ರಲ್ಲಿ ಅವರ ತಂಡವು ಅಯೋಡಿನ್ ಸಯನೈಡ್ ಎಂಬ ಅಣುವಿನ ಬಂಧವು ಮುರಿಯುವುದನ್ನು ಲೇಸರ್ ಮಿಡಿತಗಳ ನೆರವಿನಿಂದ ನೋಡಿತು. ಆ ಮುರಿತಕ್ಕೆ ಬೇಕಾದ ಕಾಲ ಸುಮಾರು 200 ಫೆಮ್ಟೊಸೆಕೆಂಡ್. 1989ರಲ್ಲಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿಯೂ 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರವೂ ಸಂದವು.

ಝವೈಲ್ ನೋಡಿದ್ದು ಪರಮಾಣುಗಳ ಚಲನೆಯನ್ನು. ಪರಮಾಣುವಿನ ಒಳಗಿರುವ ಎಲೆಕ್ಟ್ರಾನ್‌ಗಳು ಅವುಗಳಿಗಿಂತ ಎಷ್ಟೋ ಹಗುರ, ಆದ್ದರಿಂದ ಎಷ್ಟೋ ವೇಗ. ಅಲ್ಲಿಗೆ ತಲುಪಲು ಒಂದು ಗೋಡೆ ಅಡ್ಡವಾಗಿತ್ತು. ಬೆಳಕು ಒಂದು ಅಲೆ. ಯಾವ ಬೆಳಕಿನ ಮಿಡಿತವನ್ನೂ ಅದರ ಒಂದು ಅಲೆಯ ಏರಿಳಿತಕ್ಕಿಂತ ಹೆಚ್ಚು ಚಿಕ್ಕದು ಮಾಡಲಾಗದು. ಇಂತಹ ಲೇಸರುಗಳು ಸಾಮಾನ್ಯವಾಗಿ ಬಳಸುವ 800 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಒಂದು ಏರಿಳಿತಕ್ಕೆ ಸುಮಾರು 2.7 ಫೆಮ್ಟೊಸೆಕೆಂಡ್ ಬೇಕು. ಅದಕ್ಕಿಂತ ಕೆಳಗಿಳಿಯಬೇಕಾದರೆ ಬೆಳಕನ್ನೇ ಬದಲಿಸಬೇಕು.

ಗೋಡೆಯನ್ನು ದಾಟಿದ ಬೆಳಕು

1987ರಲ್ಲಿ ಪ್ಯಾರಿಸಿನ ಬಳಿಯ ಸಾಕ್ಲೇ ಸಂಶೋಧನಾ ಕೇಂದ್ರದಲ್ಲಿ ಆನ್ ಲುಯಿಲಿಯೇ ಮತ್ತು ಅವರ ಸಹೋದ್ಯೋಗಿಗಳು ಜಡ ಅನಿಲದ ಮೂಲಕ ಪ್ರಬಲವಾದ ಅವಕೆಂಪು ಲೇಸರನ್ನು ಹಾಯಿಸಿದರು. ಮೂಲ ಬೆಳಕಿನ ಆವೃತ್ತಿಯ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಆವೃತ್ತಿಯ ಹೊಸ ಬೆಳಕುಗಳು ಅನಿಲದಿಂದ ಹೊಮ್ಮಿದವು. ಪಟ್ಟು ಹೆಚ್ಚಾದಂತೆ ಬೆಳಕು ಕ್ಷೀಣಿಸುತ್ತಾ ಹೋಗಬೇಕು ಎಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಆದರೆ ಮೊದಲು ಸ್ವಲ್ಪ ಕ್ಷೀಣಿಸಿದ ಬೆಳಕು ಬಳಿಕ ಬಹುದೂರದವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿತು. ಆರ್ಗಾನ್ ಅನಿಲದಲ್ಲಿ 33ನೆಯ ಪಟ್ಟಿನವರೆಗೂ ಅವರು ಇದನ್ನು ಕಂಡರು.

ಏಕೆ ಹೀಗೆ ಎಂಬುದಕ್ಕೆ 1993ರಲ್ಲಿ ಕೆನಡಾದ ಪಾಲ್ ಕೋರ್ಕಮ್ ಸರಳವಾದ ವಿವರಣೆ ನೀಡಿದರು. ಕಡಲ ತೀರದಲ್ಲಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಡದಲ್ಲಿ ಬಿದ್ದಿರುವ ತೆಂಗಿನ ಸಿಪ್ಪೆಯನ್ನು ಹಿಂದೆ ಸರಿಯುವ ಅಲೆ ಎಳೆದೊಯ್ಯುತ್ತದೆ, ಮುಂದೆ ಬರುವ ಅಲೆ ಅದನ್ನು ಮತ್ತೆ ದಡಕ್ಕೆ ಎಸೆಯುತ್ತದೆ. ಹಾಗೆಯೇ ಲೇಸರಿನ ಅಲೆಯು ಪರಮಾಣುವಿನಿಂದ ಎಲೆಕ್ಟ್ರಾನೊಂದನ್ನು ಹೊರಕ್ಕೆಳೆಯುತ್ತದೆ. ಅಲೆ ದಿಕ್ಕು ಬದಲಿಸಿದಾಗ ಆ ಎಲೆಕ್ಟ್ರಾನ್ ವೇಗವಾಗಿ ಹಿಂದಿರುಗಿ ತನ್ನ ಪರಮಾಣುವನ್ನು ಸೇರುತ್ತದೆ. ಆಗ ಅದು ಗಳಿಸಿದ ಶಕ್ತಿಯು ಒಂದು ಕ್ಷಣಿಕವಾದ ಬೆಳಕಿನ ಮಿಂಚಾಗಿ ಹೊರಬೀಳುತ್ತದೆ. ಆ ಮಿಂಚಿನ ಅವಧಿಯು ಅಟ್ಟೊಸೆಕೆಂಡುಗಳಲ್ಲಿ ಎಣಿಸುವಷ್ಟು ಚಿಕ್ಕದು.

ಆದರೆ ಅಷ್ಟು ಚಿಕ್ಕ ಮಿಂಚನ್ನು ಅಳೆಯುವುದು ಹೇಗೆ? ಅದಕ್ಕೆ ಇನ್ನೂ ಹಲವು ವರ್ಷಗಳು ಬೇಕಾದವು. 2001ರಲ್ಲಿ ಫ್ರಾನ್ಸಿನಲ್ಲಿ ಪಿಯೆರ್ ಅಗೊಸ್ಟಿನಿಯವರ ತಂಡವು ತಲಾ 250 ಅಟ್ಟೊಸೆಕೆಂಡುಗಳ ಮಿಂಚುಗಳ ಸಾಲೊಂದನ್ನು ಅಳೆಯಿತು. ಅದೇ ವರ್ಷ ವಿಯೆನ್ನಾದಲ್ಲಿ ಫೆರೆಂಕ್ ಕ್ರೌಸ್ ಅವರ ತಂಡವು 650 ಅಟ್ಟೊಸೆಕೆಂಡಿನ ಒಂದೇ ಒಂದು ಮಿಂಚನ್ನು ಬೇರ್ಪಡಿಸಿತು.

ಸಾಕ್ಷಿ ನುಡಿದ ಕ್ರಿಪ್ಟಾನ್

ಹೊಸ ಸಾಧನವು ಕೈಗೆ ಬಂದ ಮರುವರ್ಷವೇ ಹಳೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಾಯಿತು. 2002ರಲ್ಲಿ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಮಾರ್ಕುಸ್ ಡ್ರೆಶರ್ ಮತ್ತು ಸಂಗಡಿಗರು ಕ್ರೌಸ್ ಅವರ ತಂಡದೊಂದಿಗೆ ಸೇರಿ ಕ್ರಿಪ್ಟಾನ್ ಅನಿಲದ ಮೇಲೆ ಪ್ರಯೋಗ ನಡೆಸಿದರು. ಒಂದು ಫೆಮ್ಟೊಸೆಕೆಂಡಿಗಿಂತಲೂ ಚಿಕ್ಕದಾದ ಕ್ಷ-ಕಿರಣದ ಮಿಡಿತವು ಕ್ರಿಪ್ಟಾನಿನ ಎಂ ಕವಚದಿಂದ ಎಲೆಕ್ಟ್ರಾನೊಂದನ್ನು ಕಿತ್ತಿತು. ಅಲ್ಲಿಂದ ಕಾಲದ ಎಣಿಕೆ ಆರಂಭ. ಖಾಲಿ ಜಾಗ ತುಂಬುತ್ತಿದ್ದಂತೆ ಓಜೆ-ಮೈಟ್ನರ್ ಎಲೆಕ್ಟ್ರಾನ್‌ಗಳು ಹೊರಬೀಳತೊಡಗುತ್ತವೆ. ಅವು ಹೊರಬೀಳುವ ಹೊತ್ತಿಗೆ ಎರಡನೆಯದೊಂದು ಚಿಕ್ಕ ಲೇಸರ್ ಮಿಡಿತವನ್ನು ಅಲ್ಲಿಗೆ ಕಳುಹಿಸಲಾಯಿತು.

ಇದನ್ನು ಹೀಗೆ ಕಲ್ಪಿಸಿಕೊಳ್ಳೋಣ. ಮದುವೆ ಮುಗಿದು ಅತಿಥಿಗಳು ಸಭಾಂಗಣದಿಂದ ಹೊರಡುತ್ತಿದ್ದಾರೆ. ಬಾಗಿಲಲ್ಲಿ ಒಬ್ಬನು ಸ್ವಲ್ಪವೇ ಹೊತ್ತು ನಿಂತು ಹೊರಬರುವವರ ಮೇಲೆ ಪನ್ನೀರು ಚಿಮುಕಿಸುತ್ತಾನೆ. ಅವನು ನಿಂತಿದ್ದಾಗ ಹೊರಬಂದವರ ಬಟ್ಟೆಯಲ್ಲಿ ಪರಿಮಳವಿರುತ್ತದೆ, ಉಳಿದವರಲ್ಲಿ ಇರುವುದಿಲ್ಲ. ಒಂದು ಮದುವೆಯಲ್ಲಿ ಅವನು ಬೇಗ ನಿಂತು, ಇನ್ನೊಂದರಲ್ಲಿ ತಡವಾಗಿ ನಿಂತು, ಪ್ರತಿಸಲವೂ ಪರಿಮಳ ಹೊತ್ತವರನ್ನು ಎಣಿಸಿದರೆ ಸಭಾಂಗಣ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಹೇಳಬಹುದು. ಇಲ್ಲಿ ಪನ್ನೀರು ಚಿಮುಕಿಸಿದ್ದು ಲೇಸರ್. ಅದರ ಬೆಳಕು ಇದ್ದಾಗ ಹೊರಬಂದ ಎಲೆಕ್ಟ್ರಾನ್‌ಗಳ ಶಕ್ತಿ ತುಸು ಹೆಚ್ಚಾಗಿಯೋ ಕಡಿಮೆಯಾಗಿಯೋ ಇರುತ್ತದೆ. ಆ ಗುರುತನ್ನು ಹೊತ್ತ ಎಲೆಕ್ಟ್ರಾನ್‌ಗಳನ್ನು ಎಣಿಸುತ್ತಾ, ಎರಡು ಮಿಡಿತಗಳ ನಡುವಿನ ಅಂತರವನ್ನು ಬದಲಿಸುತ್ತಾ ಅವರು ಅಳೆದರು.

ಬಂದ ಉತ್ತರ 7.9 ಫೆಮ್ಟೊಸೆಕೆಂಡ್, ಹೆಚ್ಚುಕಡಿಮೆ ಒಂದು ಫೆಮ್ಟೊಸೆಕೆಂಡಿನಷ್ಟು ವ್ಯತ್ಯಾಸದ ಸಾಧ್ಯತೆಯೊಂದಿಗೆ.

ರೇಖೆಯ ಅಗಲದಿಂದ ಬಂದ ಲೆಕ್ಕ 7.5. ನೇರವಾಗಿ ನೋಡಿ ಅಳೆದದ್ದು 7.9. ವ್ಯತ್ಯಾಸದ ಮಿತಿಯೊಳಗೆ ಎರಡೂ ಒಂದೇ. ಪರಸ್ಪರ ಸಂಬಂಧವಿಲ್ಲದ ಎರಡು ದಾರಿಗಳಿಂದ ಬಂದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ನುಡಿದಾಗ ಆ ಮಾತಿಗೆ ಬರುವ ತೂಕವೇ ಬೇರೆ. ವರದಿಗಾರರ ಸರಣಿಯನ್ನು ಪರಿಶೀಲಿಸುವ ವಿದ್ಯೆಯನ್ನು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿದ್ದ ಸಂಖ್ಯೆಯನ್ನೇ ಮತ್ತೆ ಪಡೆಯಲು ಇಷ್ಟೆಲ್ಲ ಶ್ರಮವೇಕೆ ಎಂದು ಯಾರೂ ಹಂಗಿಸಲಿಲ್ಲ. ಏಕೆಂದರೆ ಗೊತ್ತಿದ್ದ ಸಂಖ್ಯೆಯನ್ನು ಸರಿಯಾಗಿ ತೋರಿಸಿದ ಗಡಿಯಾರವನ್ನು ಮಾತ್ರವೇ ಗೊತ್ತಿಲ್ಲದ ಸಂಖ್ಯೆಗಾಗಿ ನಂಬಬಹುದು.

ಸಾಕ್ಷಿಗಳು ಒಪ್ಪದಿದ್ದಾಗ

ಆ ನಂಬಿಕೆಯಿಂದ ಮುಂದಿನ ಕೆಲಸಗಳು ನಡೆದವು. 2010ರಲ್ಲಿ ಜರ್ಮನಿಯ ಗಾರ್ಶಿಂಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಗೌಲಿಯೆಲ್ಮಾಕಿಸ್ ಮತ್ತು ಸಂಗಡಿಗರು ಮತ್ತೆ ಕ್ರಿಪ್ಟಾನನ್ನೇ ತೆಗೆದುಕೊಂಡರು. ಈ ಸಲ ಲೇಸರಿನಿಂದ ಹೊರಕವಚದ ಎಲೆಕ್ಟ್ರಾನೊಂದನ್ನು ಕಿತ್ತು, ಬಳಿಕ ಅಟ್ಟೊಸೆಕೆಂಡ್ ಮಿಡಿತದಿಂದ ಒಳಕವಚದ ಎಲೆಕ್ಟ್ರಾನನ್ನು ಆ ಹೊರಗಿನ ಖಾಲಿ ಜಾಗಕ್ಕೆ ಏರಿಸಿದರು. ಒಳಗಿನ ಎಲೆಕ್ಟ್ರಾನ್ ಎಷ್ಟು ಸುಲಭವಾಗಿ ಏರುತ್ತದೆ ಎಂಬುದು ಹೊರಗಿನ ಖಾಲಿ ಜಾಗವು ಆ ಕ್ಷಣದಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೇಳುತ್ತದೆ. ಆ ಸ್ಥಿತಿಯು ಸುಮಾರು 6.3 ಫೆಮ್ಟೊಸೆಕೆಂಡಿಗೊಮ್ಮೆ ಮಿಡಿಯುವುದನ್ನು ಅವರು ಕಂಡರು. ಹಿಂದೆ ನೋಡಬೇಕಾದ ವಸ್ತುವಾಗಿದ್ದ ಒಳಕವಚದ ಎಲೆಕ್ಟ್ರಾನ್ ಈಗ ನೋಡುವ ದೀಪವಾಯಿತು.

ಅದೇ ವರ್ಷ ಅದೇ ಸಂಸ್ಥೆಯ ಇನ್ನೊಂದು ಪ್ರಯೋಗವು ದೊಡ್ಡ ಚರ್ಚೆಗೆ ಕಾರಣವಾಯಿತು. ನಿಯಾನ್ ಪರಮಾಣುವಿನ ಎರಡನೆಯ ಕವಚದಲ್ಲಿ ಎರಡು ಉಪಕವಚಗಳಿವೆ. ಬೆಳಕು ಬಡಿದಾಗ ಹೊರಗಿನ ಉಪಕವಚದ ಎಲೆಕ್ಟ್ರಾನ್ ಒಳಗಿನದಕ್ಕಿಂತ 21 ಅಟ್ಟೊಸೆಕೆಂಡ್ ತಡವಾಗಿ ಹೊರಬೀಳುತ್ತದೆ ಎಂದು ಆ ಪ್ರಯೋಗ ಹೇಳಿತು. ಆದರೆ ಸಿದ್ಧಾಂತದ ಲೆಕ್ಕಗಳು ಅಷ್ಟು ತಡವನ್ನು ಕೊಡಲಿಲ್ಲ. ಯಾರು ಸರಿ? ಸಿದ್ಧಾಂತಿಗಳು ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿದರು. ಏಳು ವರ್ಷಗಳ ಬಳಿಕ, 2017ರಲ್ಲಿ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆನ್ ಲುಯಿಲಿಯೇ ಅವರ ತಂಡವು ಇನ್ನೂ ಸೂಕ್ಷ್ಮವಾಗಿ ಅಳೆಯಿತು. ಒಳಗಿನ ಎಲೆಕ್ಟ್ರಾನಿನ ಗುರುತಿನ ಪಕ್ಕದಲ್ಲಿಯೇ ಬೇರೊಂದು ಪ್ರಕ್ರಿಯೆಯ ಎಲೆಕ್ಟ್ರಾನ್‌ಗಳೂ ಇದ್ದವು. ಹೊರಹೋಗುವ ಎಲೆಕ್ಟ್ರಾನ್ ತನ್ನ ನೆರೆಯ ಎಲೆಕ್ಟ್ರಾನನ್ನೂ ಅಲುಗಿಸಿ ಮೇಲಕ್ಕೇರಿಸುವ ಪ್ರಕ್ರಿಯೆ ಅದು. ಅವೆರಡನ್ನು ಬೇರ್ಪಡಿಸಿದಾಗ ಪ್ರಯೋಗವೂ ಸಿದ್ಧಾಂತವೂ ಒಂದಾದವು. ಈ ಏಳು ವರ್ಷಗಳಲ್ಲಿ ಯಾರೂ ಯಾರನ್ನೂ ಸುಳ್ಳುಗಾರರೆಂದು ಕರೆಯಲಿಲ್ಲ ಎಂಬುದು ಗಮನಾರ್ಹ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಮಾತು ಕೂಡದಿರಬಹುದು. ಆಗ ಬೇಕಾದುದು ಇನ್ನೂ ಹತ್ತಿರದ ನೋಟ.

ಸಮುದ್ರದಾಚೆ ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿಯ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 2009ರಲ್ಲಿ ಬೃಹತ್ ಕ್ಷ-ಕಿರಣ ಲೇಸರೊಂದು ಕಾರ್ಯಾರಂಭ ಮಾಡಿತ್ತು. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ನಿಯಾನ್ ಪರಮಾಣುವನ್ನು ಒಳಗಿನಿಂದ ಹೊರಕ್ಕೆ ಬರಿದುಮಾಡಿತು. ಮೊದಲು ಅತ್ಯಂತ ಒಳಗಿನ ಎಲೆಕ್ಟ್ರಾನ್ ಹೋಗುತ್ತದೆ, ಹೊರಗಿನದು ಅಲ್ಲಿಗೆ ಇಳಿಯುತ್ತದೆ, ಮತ್ತೆ ಒಳಗಿನದನ್ನೇ ಕಿರಣ ಕೀಳುತ್ತದೆ. ಹೀಗೆ ಒಂದೇ ಮಿಡಿತದಲ್ಲಿ ಹತ್ತಕ್ಕೆ ಹತ್ತೂ ಎಲೆಕ್ಟ್ರಾನ್‌ಗಳು ಹೊರಬಿದ್ದವು. ಮಿಡಿತವನ್ನು ಇನ್ನೂ ಚಿಕ್ಕದು ಮಾಡಿದರೆ ಖಾಲಿ ಜಾಗ ತುಂಬಲು ಕಾಲವೇ ಸಾಲದೆ ಪರಮಾಣುವು ಒಳಗೆ ಟೊಳ್ಳಾಗಿ, ಕಿರಣಕ್ಕೆ ಹೆಚ್ಚು ಪಾರದರ್ಶಕವಾಗುತ್ತದೆ. ಒಳಕವಚದ ಖಾಲಿ ಜಾಗವನ್ನೇ ಬಳಸಿ ಕ್ಷ-ಕಿರಣದ ಲೇಸರನ್ನು ಮಾಡಬಹುದು ಎಂದು 1967ರಲ್ಲಿಯೇ ಡುಗೇ ಮತ್ತು ರೆಂಟ್‌ಜೆಪಿಸ್ ಎಂಬ ವಿಜ್ಞಾನಿಗಳು ಬರೆದಿದ್ದರು. ಖಾಲಿ ಜಾಗವು ಅಷ್ಟು ಬೇಗ ತುಂಬಿಬಿಡುವುದರಿಂದ ಆಗ ಅದು ಕಾಗದದ ಮೇಲೆಯೇ ಉಳಿಯಿತು. ಸ್ಲ್ಯಾಕಿನ ಮಿಡಿತಗಳಿಂದ ನಿಯಾನ್ ಅನಿಲದಲ್ಲಿ 1.46 ನ್ಯಾನೋಮೀಟರಿನ ಅಂತಹ ಲೇಸರ್ ಬೆಳಗಿದ ವರದಿಯು 2012ರಲ್ಲಿ ಪ್ರಕಟವಾಯಿತು. ಸರಿಯಾದ ಮಾತೊಂದು ತನ್ನ ಕಾಲಕ್ಕಾಗಿ 45 ವರ್ಷ ಕಾದಿತ್ತು.

ನಮಗೇನು ಪಾಠ?

2013ರಲ್ಲಿ ಕೋರ್ಕಮ್ ಮತ್ತು ಕ್ರೌಸ್ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ದೊರೆಯಿತು. 2023ರಲ್ಲಿ ಅಗೊಸ್ಟಿನಿ, ಕ್ರೌಸ್ ಮತ್ತು ಲುಯಿಲಿಯೇ ಭೌತಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಪುರಸ್ಕಾರದ ಕರೆ ಬಂದಾಗ ಲುಯಿಲಿಯೇ ಪಾಠ ಮಾಡುತ್ತಿದ್ದರು. ಸುದ್ದಿ ಕೇಳಿದ ಬಳಿಕವೂ ಅವರು ತರಗತಿಗೆ ಮರಳಿ ಪಾಠವನ್ನು ಮುಗಿಸಿದರು. ಅಧ್ಯಾಪಕರಾದ ನಮಗೆ ಆ ಪುರಸ್ಕಾರಕ್ಕಿಂತಲೂ ಆ ತರಗತಿಯೇ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಇಂತಹ ಸುದ್ದಿಗಳು ಬಂದಾಗ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಕಾಣುತ್ತೇವೆ. ಇದಕ್ಕೂ ನಮಗೂ ಸಂಬಂಧವಿಲ್ಲ ಎಂದು ಮುಖ ತಿರುಗಿಸುವುದು ಒಂದು. ಇದೆಲ್ಲ ನಮ್ಮವರು ಎಂದೋ ಹೇಳಿಬಿಟ್ಟಿದ್ದಾರೆ ಎಂದು ಮೊಬೈಲಿನಲ್ಲಿ ಬಂದ ಸಂದೇಶವನ್ನು ಓದದೆಯೇ ಮುಂದಕ್ಕೆ ಕಳುಹಿಸುವುದು ಇನ್ನೊಂದು. ಎರಡರಲ್ಲಿಯೂ ಶ್ರಮವಿಲ್ಲ. ಬೆಳಕಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಬಸರಾದ ಇಬ್ನುಲ್ ಹೈಸಮ್ ಅವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಬೆಳಕು ಚಲಿಸಲು ಕಾಲ ಬೇಕು, ಆ ಕಾಲವು ಇಂದ್ರಿಯಗಳಿಗೆ ತಿಳಿಯದಷ್ಟು ಚಿಕ್ಕದು ಎಂದು ಸಾವಿರ ವರ್ಷಗಳ ಹಿಂದೆ ಅವರು ವಾದಿಸಿದ್ದರು. ಆದರೆ ಅಟ್ಟೊಸೆಕೆಂಡನ್ನು ಅವರು ಕಂಡಿದ್ದರು ಎಂದು ನಾವು ಹೇಳಿದರೆ ಅದು ಅವರಿಗೆ ಸಲ್ಲಿಸುವ ಗೌರವವಲ್ಲ. ಪ್ರಾಚೀನ ಮಹಾವಿದ್ವಾಂಸನಾದ ಟಾಲೆಮಿಯ ಗ್ರಂಥಗಳಲ್ಲಿನ ಸಂದೇಹಗಳನ್ನೇ ಕುರಿತು ಒಂದು ಪುಸ್ತಕ ಬರೆದವರು ಅವರು. ಹಿರಿಯರು ಹೇಳಿದರೆಂಬ ಕಾರಣಕ್ಕೆ ಮಾತ್ರ ಒಪ್ಪದೆ ಪರೀಕ್ಷಿಸಿ ನೋಡುವ ಅಭ್ಯಾಸವೇ ಅವರು ಬಿಟ್ಟುಹೋದ ಆಸ್ತಿ. ಆ ಆಸ್ತಿಯು ಯಾರು ದುಡಿಯುತ್ತಾರೋ ಅವರ ಕೈಸೇರುತ್ತದೆ. ಝವೈಲರ ಕೈಸೇರಿತು, ಲುಯಿಲಿಯೇಯವರ ಕೈಸೇರಿತು.

ಕ್ರಿಪ್ಟಾನಿನ ಒಳಗಿನ ಒಂದು ಖಾಲಿ ಜಾಗವು ಎಂಟು ಫೆಮ್ಟೊಸೆಕೆಂಡಿನಷ್ಟು ಹೊತ್ತು ಖಾಲಿಯಿರುತ್ತದೆ ಎಂಬ ಒಂದು ವಾಕ್ಯವನ್ನು ಧೈರ್ಯದಿಂದ ಹೇಳಲು ಬಾರ್ಕ್ಲಾರಿಂದ ಡ್ರೆಶರ್‌ವರೆಗೆ ತೊಂಬತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ನಾವಾದರೋ ನೆರೆಯವರ ಬಗ್ಗೆ, ಬೇರೆ ಊರಿನವರ ಬಗ್ಗೆ, ಬೇರೆ ಪಂಗಡದವರ ಬಗ್ಗೆ ಕೇಳಿದ ಮಾತನ್ನು ಎಷ್ಟು ಹೊತ್ತಿನಲ್ಲಿ ಸತ್ಯವೆಂದು ಒಪ್ಪಿಬಿಡುತ್ತೇವೆ? ಒಬ್ಬನೇ ಸಾಕ್ಷಿಯಿದ್ದಾನೆಯೇ, ಇಬ್ಬರಿದ್ದಾರೆಯೇ, ಅವರಾದರೂ ಕಣ್ಣಾರೆ ಕಂಡವರೇ ಎಂದು ಕೇಳುವ ತಾಳ್ಮೆ ನಮ್ಮಲ್ಲಿ ಎಷ್ಟಿದೆ?

ಆ ವಿದ್ಯಾರ್ಥಿನಿಗೆ ನಾವು ಉತ್ತರವನ್ನು ತಲುಪಿಸಿದೆವು. ಗೊತ್ತಿಲ್ಲದ ಸಂಗತಿಗಾಗಿ ಹತ್ತು ಅಕ್ಷರಗಳನ್ನು ಬಿಟ್ಟಿಟ್ಟಿದ್ದರು ಮಗಳೇ, ಅದಕ್ಕಾಗಿಯೇ ಕೆ ಇಂದ ಶುರು ಎಂದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಉಸ್ತಾದ್, ಗೊತ್ತಿಲ್ಲ ಅಂತ ಹೇಳೋದು ತಪ್ಪಲ್ಲ" ಎಂದಳು. ತಪ್ಪಲ್ಲ. ಗೊತ್ತಿಲ್ಲ ಎಂದವರೇ ಹುಡುಕಲು ಹೊರಟವರು.